ನಾರ್ಮಲ್ ಅಂದ ಮೇಲೂ ಒಣಗಿದ್ದ ಕಣ್ಣು

ನಾಲ್ಕು ವರ್ಷದ ಹಿಂದೆ ಮಾರ್ಟಳ್ಳಿಯಲ್ಲಿ ನಮ್ಮಪ್ಪ ತೀರಿಕೊಂಡರು. ನಾನು ಗಂಟಲು ಬಿರಿಯುವಂತೆ ಅತ್ತೆ. ಕಣ್ಣಲ್ಲಿ ಮಾತ್ರ ನೀರಿಲ್ಲ. "ಸ್ವಂತ ಮಗ್ಳು, ಒಂದ್ ಅನಿ ಕಣ್ಣೀರಾಕ್ಲಿಲ್ಲ ನೋಡು" ಎಂದು ನೆಂಟರು ಆಡಿಕೊಂಡಿದ್ದು ನನ್ನ ಕಿವಿಗೇ ಬಿತ್ತು.

ನಾನು ಕೊಳ್ಳೇಗಾಲ–ಹನೂರು ಕಡೆಯ ಬಸ್ಸಿನಲ್ಲಿ ಕಂಡಕ್ಟರ್. ಅಪ್ಪ ಹೋಗುವ ಕೆಲವು ತಿಂಗಳ ಮೊದಲಿಂದಲೇ ಕಣ್ಣಿಗೆ ಮರಳು ಎರಚಿದ ಹಾಗೆ ಉರಿ. ಬಾಯಿ ಎಷ್ಟು ಒಣಗುತ್ತಿತ್ತೆಂದರೆ ನೀರಿಲ್ಲದೆ ಮುದ್ದೆ ಇಳಿಯುತ್ತಿರಲಿಲ್ಲ. ಧೂಳಿಗೆ ಹಾಗೆ ಅಂದುಕೊಂಡಿದ್ದೆ. ತಿಥಿ ಮುಗಿಸಿ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, ಅದು ಎಷ್ಟು ನೆನೆಯುತ್ತದೆ ಎಂದು ನೋಡಿದರು. ಕಾಗದ ಚುಚ್ಚಿದ್ದಕ್ಕೋ ಏನೋ, ಪಟ್ಟಿ ನೆನೆಯಿತು. ನಾರ್ಮಲ್ ಅಂದರು.

"ಏನೂ ಇಲ್ಲ ಅಂದವ್ರಲ್ಲ, ನೀನೇ ಮನಸ್ಗೆ ಅಚ್ಕಂಡಿದ್ದೀಯ ಕಣೆ" ಅಂದರು ನನ್ನ ಗಂಡ. ನಾನೇ ನಾಟಕ ಆಡುತ್ತಿದ್ದೇನೇನೋ ಎಂದು ನನಗೂ ಅನುಮಾನ ಬಂತು.

ಯಳಂದೂರಿನಲ್ಲಿರುವ ನಮ್ಮಕ್ಕ ಬಿಡಲಿಲ್ಲ. ಅವಳ ಬಲವಂತಕ್ಕೆ ಗಂಡನ ಜೊತೆ ಮೈಸೂರಿನ ಆಸ್ಪತ್ರೆಯೊಂದಕ್ಕೆ ಹೋದೆ. ಅಲ್ಲಿನ ಡಾಕ್ಟರಮ್ಮ ಹಳೇ ರಿಪೋರ್ಟು ನೋಡಿ ಹೇಳಿದರು: "ಈ ಪಟ್ಟಿ ಪರೀಕ್ಷೆ ಒಂದು ದಿನ ಒಂದು ಥರ ಬರುತ್ತಮ್ಮ. ಒಂದೇ ಸಲ ನೋಡಿ ಕಾಯಿಲೆ ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ಇನ್ನೊಂದು ಸಲ ನೋಡೋಣ."

ಆ ದಿನ ಪಟ್ಟಿ ಹೆಚ್ಚುಕಮ್ಮಿ ಒಣಗಿಯೇ ಇತ್ತು. ಮುಂದಿನ ಸಲ ಒಂದು ಕಣ್ಣಲ್ಲಿ ಸ್ವಲ್ಪ ನೆನೆಯಿತು. ಇವರೂ ನನ್ನನ್ನು ನಂಬಲ್ಲ ಅಂದುಕೊಂಡೆ. ಅವರು ಅಷ್ಟಕ್ಕೇ ನಿಲ್ಲಿಸದೆ ರಕ್ತ ಪರೀಕ್ಷೆ ಮಾಡಿಸಿದರು. ಕೆಳತುಟಿಯ ಒಳಗಿಂದ ಚಿಕ್ಕ ಚೂರು ತೆಗೆದು ಅದನ್ನೂ ಪರೀಕ್ಷೆಗೆ ಕಳಿಸಿದರು. ಎಲ್ಲವನ್ನೂ ಸೇರಿಸಿ ನೋಡಿದಾಗ ಗೊತ್ತಾಯಿತು: ದೇಹವನ್ನು ಕಾಯಬೇಕಾದ ಶಕ್ತಿಯೇ ನನ್ನ ಕಣ್ಣೀರಿನ, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬಿದ್ದಿತ್ತು. ಶೋಗ್ರೆನ್ ಅಂತ ಹೆಸರಂತೆ. ಪೂರ್ತಿ ವಾಸಿಯಾಗಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಅಂದರು.

ಕಾಯಿಲೆ ಇದೆ ಅಂದಾಗ ಯಾರಾದರೂ ಖುಷಿಪಡುತ್ತಾರಾ? ನಾನು ಪಟ್ಟೆ. ಗಂಡ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನೀರು ಕೊಂಡರು. ಬಾಟಲಿ ನನ್ನ ಕೈಗಿಟ್ಟು, "ಮೊದ್ಲೇ ನಿನ್ ಮಾತ್ ಕೇಳ್ಬೇಕಿತ್ತು" ಅಂದರು.

ಈಗ ಮಾತ್ರೆ, ಕಣ್ಣಿಗೆ ಡ್ರಾಪ್ಸ್ ನಡೆಯುತ್ತಿದೆ. ಡ್ಯೂಟಿಗೂ ಹೋಗುತ್ತಿದ್ದೇನೆ. ಚೆಕಪ್‌ನಲ್ಲಿ ಒಮ್ಮೊಮ್ಮೆ ಫಲಿತಾಂಶ ಹಿಂದೆಮುಂದೆ ಆದರೂ ಹೆದರುವುದಿಲ್ಲ. ಈ ಕಾಯಿಲೆಗೆ ಸುಸ್ತೂ ಜಾಸ್ತಿ; ಸುಸ್ತಾದ ದಿನ ಸುಸ್ತು ಎಂದು ಹೇಳಿ ಮಲಗುತ್ತೇನೆ. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ.