ಹಂಚಿನ ಮೇಲೆ ನಿಂತ ಪಾಟಿ

ಹೋದ ತಿಂಗಳು ಊದಿನಕಡ್ಡಿಯ ಕಿಡಿ ಬಿದ್ದು ನಮ್ಮ ದೇವರಮಣೆಯ ಅಂಚು ಕಮರಿತು. ಸುಟ್ಟ ಕಟ್ಟಿಗೆ, ಅದರೊಳಗೆ ಊದಿನಕಡ್ಡಿಯ ಘಮ... ನವಲಗುಂದದ ಒಂದು ಅಡುಗೆಮನೆ ಕಣ್ಣೆದುರು ಬಂತು. ಅಲ್ಲಿ ನಡೆದದ್ದನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ಚೊಕ್ಕಟವಾಗುತ್ತ ಬಂದಿದೆ. ಹಾಗಾಗಿಯೇ ನನಗೆ ಅದರ ಮೇಲೆ ಅನುಮಾನ.

ಎಂಬತ್ತರ ದಶಕದ ಒಂದು ಬೇಸಿಗೆ. ಆಗ ನಾನು ಧಾರವಾಡದಲ್ಲಿ ಪಿಎಚ್.ಡಿ. ವಿದ್ಯಾರ್ಥಿ. ಕಾಯ್ದ ತಟ್ಟೆಯ ಮೇಲಿನ ಗಾಳಿ ತಾನಾಗಿ ಹೇಗೆ ಏಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಲೆಕ್ಕದ ಪ್ರಕಾರ ಗಾಳಿ ತಟ್ಟೆಯ ನಡುವಿನಿಂದ ಕಂಬದಂತೆ ನೆಟ್ಟಗೆ ಏಳಬೇಕು. ಪ್ರಯೋಗಾಲಯದ ಅಳತೆಗಳು ಒಪ್ಪಲಿಲ್ಲ. ಎರಡೂ ತಾಳೆಯಾಗದೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದು ಗೈಡ್ ಹೇಳಿಬಿಟ್ಟಿದ್ದರು. ಉಪಕರಣವೇ ಸರಿಯಿಲ್ಲ ಎಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ.

ನವಲಗುಂದಕ್ಕೆ ಹೋದಾಗ, ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮಾಸ್ತರರಿಗೂ ಅದನ್ನೇ ಹೇಳಿದೆ. ನಿವೃತ್ತರಾದ ಮೇಲೆ ಅವರು ವಾದಕ್ಕೆ ಯಾರೂ ಸಿಗದೆ ಸೊರಗಿದ್ದರು.

"ಬಾಯಿಲೆ ಯಾಕ ಹೇಳ್ತಿ? ಮಾಡಿ ನೋಡೂಣು ಬಾ."

ರೊಟ್ಟಿ ಬೇಯಿಸುವ ಸಪಾಟು ಕಬ್ಬಿಣದ ಹಂಚನ್ನು ಸ್ಟೋವಿನ ಮೇಲೆ ಕಾಯಿಸಿ, ಇಕ್ಕಳದಿಂದ ಎತ್ತಿ ಇಟ್ಟಿಗೆಗಳ ಮೇಲಿಟ್ಟರು. ಕಿಟಕಿಗೆ ಗೋಣಿಚೀಲ ತುರುಕಿ, ಬಾಗಿಲು ಮುಚ್ಚಿ, ಹಂಚಿನ ಎರಡೂ ಬದಿಗೆ ಊದಿನಕಡ್ಡಿ ಹಚ್ಚಿಟ್ಟರು. ಹೊಗೆ ಅಂಚುಗಳಿಂದ ನಡುವಿಗೆ ಹರಿದು, ಅಲ್ಲಿ ಕೂಡಿ ಮೇಲೆದ್ದಿತು. ಆದರೆ ನೆಟ್ಟಗಲ್ಲ... ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತಿತ್ತು.

"ಸರ, ನಿಮ್ಮ ಉಸಿರು ತಾಗಾಕತ್ತೈತ್ರಿ," ಎಂದೆ.

ಇಬ್ಬರೂ ಉಸಿರು ಬಿಗಿಹಿಡಿದೆವು. ಹೊಗೆ ತೂಗುತ್ತಲೇ ಇತ್ತು. ಬಾಗಿಲಾಚೆಯಿಂದ ಅವರ ಹೆಂಡತಿಯ ದನಿ:

"ಹಿಟ್ಟು ನಾದಿಟ್ಟು ಕುಂತೇನ್ರಿ. ನಿಮ್ಮ ಹೊಗಿ ನೆಟ್ಟಗ ನಿಂತ ಮ್ಯಾಲೆ ರೊಟ್ಟಿ ಬಡೀಲೇನು?"

"ತಡಿ ಮಾರಾಯ್ತಿ! ಇವನ ಡಾಕ್ಟರಕಿ ನಿನ್ನ ಹಂಚಿನ ಮ್ಯಾಲೆ ಕುಂತೈತಿ."

ಊದಿನಕಡ್ಡಿಯೇ ಸರಿಯಿಲ್ಲ ಎಂದೆ ನಾನು. ಮಾಸ್ತರರು ಎದ್ದು ಹೊರಗೆ ಹೋದರು. ಮೊಮ್ಮಕ್ಕಳು ಬರೆಯುವ, ಕಟ್ಟಿಗೆ ಚೌಕಟ್ಟಿನ ಕಲ್ಲಿನ ಪಾಟಿಯನ್ನು ತಂದು ಹಂಚಿನ ನಟ್ಟನಡುವೆ ಗೋಡೆಯಂತೆ ನಿಲ್ಲಿಸಿ ಹಿಡಿದರು. ತಳದ ಕಟ್ಟಿಗೆ ಕಮರತೊಡಗಿತು. ಹೊಗೆ ಪಾಟಿಯ ಎರಡೂ ಮೈ ಹಿಡಿದು ನೆಟ್ಟಗೆ ಏರಿತು.

"ಈಗ ನಿನ್ನ ಲೆಕ್ಕದಂಗ ಆತು. ಹೇಳಲೇ, ಲೆಕ್ಕದಾಗ ಪಾಟಿ ಎಲ್ಲಿ ಇಟ್ಟಿ?"

ಪಾಟಿ ಇತ್ತು. ಕಂಪ್ಯೂಟರಿನ ಸಮಯ ಸಾಲದೆಂದು ಅರ್ಧ ತಟ್ಟೆಗಷ್ಟೇ ಲೆಕ್ಕ ಹಾಕಿ, ಉಳಿದರ್ಧವನ್ನು ಕನ್ನಡಿಯ ಬಿಂಬದಂತೆ ಕೂಡಿಸಿದ್ದೆ. ನಡುಗೆರೆಯನ್ನು ದಾಟಲು ಗಾಳಿಗೆ ಹಾದಿಯೇ ಇರಲಿಲ್ಲ. ಅದು ತೂಗುವುದಾದರೂ ಹೇಗೆ? ಧಾರವಾಡಕ್ಕೆ ಮರಳಿ ಇಡೀ ತಟ್ಟೆಗೆ ಹೊಸದಾಗಿ ಬರೆದೆ. ತಿಂಗಳುಗಟ್ಟಲೆ ಹಿಡಿಯಿತು. ಒಂದು ಬದಿಯಿಂದ ಕೂದಲೆಳೆಯಷ್ಟು ತಳ್ಳಿದ್ದೇ ತಡ, ಲೆಕ್ಕದೊಳಗಿನ ಗಾಳಿಯೂ ತೂಗತೊಡಗಿತು. ಅಳತೆಗಳು ಹೊಂದಿದವು. ಗೈಡ್ ಸಹಿ ಹಾಕಿದರು.

ಇದರಲ್ಲಿ ನನ್ನ ಲೆಕ್ಕದ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯ ಪಾಟಿಯ ಬಗ್ಗೆ. ಮಾಸ್ತರರು ಬರೀ ಅಂಗೈ ಅಡ್ಡ ಹಿಡಿದು ತೋರಿಸಿದ್ದನ್ನು ನಾನೇ ಪಾಟಿ ಮಾಡಿಕೊಂಡೆನೇ? ಕೇಳೋಣವೆಂದರೆ ಅವರು ಹೋಗಿ ಬಹಳ ವರ್ಷವಾಯಿತು. ಹೊಸ ಲೆಕ್ಕ ಹಾಕಿದಾಗಲೆಲ್ಲ ಅವರ ಪ್ರಶ್ನೆಯನ್ನು ಈಗ ನಾನೇ ಕೇಳಿಕೊಳ್ಳುತ್ತೇನೆ. ಅವರಷ್ಟು ಜೋರಾಗಿ ಕೇಳಲು ಬರುವುದಿಲ್ಲ.

ದೇವರಮಣೆಯ ಆ ವಾಸನೆ ಸುಮ್ಮನಿರಗೊಡಲಿಲ್ಲ. ನವಲಗುಂದಕ್ಕೆ ಹೋಗಿ, ಮಾಸ್ತರರ ಮನೆಯಲ್ಲಿ ವಿಷಯ ಹೇಳಿದೆ.

"ಪಾಟಿ ನೋಡಾಕ ಬಂದ್ರ್ಯಾ?" ಎಂದು ಮಾಸ್ತರರ ಮಗಳು ನಕ್ಕು, ಅಟ್ಟದಿಂದ ಇಳಿಸಿ ಧೂಳು ಒರೆಸಿ ಕೊಟ್ಟಳು.

ತಿರುಗಿಸಿ ನೋಡಿದೆ. ಚೌಕಟ್ಟಿನ ಮೂರು ಬದಿಯ ಕಟ್ಟಿಗೆ ಹಳದಿಯಾಗಿತ್ತು. ನಾಲ್ಕನೆಯದು ಉದ್ದಕ್ಕೂ ಸುಟ್ಟು ಕಪ್ಪಾಗಿತ್ತು.