ಸತ್ಯಭಾಮಾ ಮಿಸ್‌ಗೆ ಬಂದ ಹೊಗಳಿಕೆ

ಬನಶಂಕರಿ ಎರಡನೇ ಸ್ಟೇಜಿನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯ ತಮ್ಮ ಇನ್‌ಸ್ಟಿಟ್ಯೂಟಿನಲ್ಲಿ, ಸತ್ಯಭಾಮಾ ಹದಿನೆಂಟು ವರ್ಷ ಟೈಪಿಂಗ್ ಕಲಿಸಿದರು. ಒಂದಕ್ಷರ ತಪ್ಪಿದರೂ ಇಡೀ ಹಾಳೆ ಮತ್ತೆ ಹೊಡೆಯಬೇಕು. ಅತ್ತವರಿದ್ದರು, ಅರ್ಧಕ್ಕೇ ಬಿಟ್ಟುಹೋದವರಿದ್ದರು. ತಮ್ಮ ಬಗ್ಗೆ ಹುಡುಗರು ಏನಂದುಕೊಳ್ಳುತ್ತಾರೆ ಎಂದು ಅವರು ಒಂದು ದಿನವೂ ಯೋಚಿಸಿದವರಲ್ಲ. ಅವರು ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾದರೆ ಸರಿ.

ಕಂಪ್ಯೂಟರ್ ಬಂದು ಟೈಪಿಂಗಿಗೆ ಬರುವವರೇ ಇಲ್ಲವಾದಾಗ, ೨೦೦೩ರಲ್ಲಿ, ಇನ್‌ಸ್ಟಿಟ್ಯೂಟ್ ಮುಚ್ಚಿದರು. ಅದಕ್ಕಾಗಿಯೂ ಹೆಚ್ಚು ಕೊರಗಲಿಲ್ಲ. ಕೊರಗು ಶುರುವಾದದ್ದು ನಾಲ್ಕು ವರ್ಷದ ಮೇಲೆ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹಳೆಯ ಶಿಷ್ಯ ಕಿಟ್ಟಿ ಸಿಕ್ಕಿದ ದಿನ.

"ಮಿಸ್, ನೀವು ಆರ್ಕುಟ್‌ನಲ್ಲಿ ಇಲ್ವಾ? ನಮ್ ಬ್ಯಾಚಿನವ್ರೆಲ್ಲ ಇದೀವಿ. ಬನ್ನಿ, ಐದೇ ನಿಮಿಷ" ಎಂದು ಪಕ್ಕದ ಸೈಬರ್ ಸೆಂಟರಿಗೆ ಕರೆದೊಯ್ದು, ಗೆಳೆಯರೆಲ್ಲ ಸೇರುವ ಆ ಜಾಲತಾಣದಲ್ಲಿ ಖಾತೆ ತೆರೆದುಕೊಟ್ಟ.

ವಾರದೊಳಗೆ ಮೂವತ್ತು ಶಿಷ್ಯರು ಸೇರಿಕೊಂಡರು. ಖುಷಿಯೇ ಆಯಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಟೆಸ್ಟಿಮೋನಿಯಲ್. ಒಬ್ಬರನ್ನು ಹೊಗಳಿ ಇನ್ನೊಬ್ಬರು ಬರೆಯುವುದು. ಹೊಗಳಿಸಿಕೊಂಡವರು ಒಪ್ಪಿದರೆ ಅದು ಎಲ್ಲರಿಗೂ ಕಾಣುತ್ತದೆ. ಅದೇ ಇನ್‌ಸ್ಟಿಟ್ಯೂಟಿನಲ್ಲಿ ಶಾರ್ಟ್‌ಹ್ಯಾಂಡ್ ಕಲಿಸುತ್ತಿದ್ದ ವಿಜಯಲಕ್ಷ್ಮಿಗೆ ಹನ್ನೊಂದು ಬಂದಿದ್ದವು. ಸತ್ಯಭಾಮಾಗೆ ಒಂದೂ ಇಲ್ಲ.

ದಿನಾ ಮಧ್ಯಾಹ್ನ ಸೈಬರ್ ಸೆಂಟರಿಗೆ ಹೋಗತೊಡಗಿದರು. ಬರುವಾಗ ಮುಖ ಗಂಟಿಕ್ಕಿರುತ್ತಿತ್ತು.

"ರೀ, ನಾನು ಅಷ್ಟೊಂದು ಕೆಟ್ಟ ಟೀಚರಾ?"

ಗಂಡ ಅನಂತರಾಮು ಪೇಪರ್ ಮಡಚಿದರು. "ನಿನ್ನೇನೂ ಇದೇ ಕೇಳ್ದೆ. ಮೊನ್ನೇನೂ ಇದೇ. ಸಾರಿಗೆ ಉಪ್ಪು ಸರಿಯಾಗಿದ್ಯಾ ಅಂತ ಒಂದಿನ ಕೇಳಿದ್ಯಾ?"

ಕೊನೆಗೆ ಸತ್ಯಭಾಮಾ ತಡೆಯಲಾರದೆ ಕಿಟ್ಟಿಗೆ ಫೋನ್ ಮಾಡಿದರು. ತಮಗೂ ಒಂದು ಟೆಸ್ಟಿಮೋನಿಯಲ್ ಬರೆಯೆಂದು ಬಾಯಿಬಿಟ್ಟು ಕೇಳುವಾಗ ಕಿವಿ ಬಿಸಿಯಾಯಿತು.

"ಅಯ್ಯೋ ಮಿಸ್, ಇವತ್ತೇ ಬರೀತೀನಿ" ಎಂದ ಅವನು.

ಬರೆದ ಕೂಡ. ತಾಯಿಯಂಥ ಗುರು, ಬಾಳಿನ ಬೆಳಕು, ಇನ್ನೂ ಏನೇನೋ. ಕೊನೆಯಲ್ಲಿ, "ಥ್ಯಾಂಕ್ಯೂ ವಿಜಯಲಕ್ಷ್ಮಿ ಮಿಸ್." ಅವರಿಗೆ ಬರೆದದ್ದನ್ನೇ ಎತ್ತಿ ಇಲ್ಲಿ ಅಂಟಿಸಿದ್ದ. ಹೆಸರು ಬದಲಾಯಿಸಲು ಮರೆತಿದ್ದ.

ಸತ್ಯಭಾಮಾ ಅದನ್ನು ಎರಡು ಸಲ ಓದಿದರು. ಬೇಡವೆಂದರೆ ಮತ್ತೆ ಸೊನ್ನೆ. ಒಪ್ಪಿಕೊಂಡುಬಿಟ್ಟರು.

ಎರಡು ವಾರ ಅದು ಎಲ್ಲರ ಕಣ್ಣೆದುರಿಗೇ ಇತ್ತು. ಇಬ್ಬರು "ಸೂಪರ್ ಮಿಸ್" ಎಂದೂ ಬರೆದರು. ಹೆಸರು ತಪ್ಪಿದೆ ಎಂದು ಒಬ್ಬರೂ ಹೇಳಲಿಲ್ಲ. ಯಾರೂ ಓದಿಯೇ ಇಲ್ಲ ಎಂಬುದು ಹೊಳೆದಾಗ ಅವರಿಗೆ ಮೈಯೆಲ್ಲ ಉರಿದುಹೋಯಿತು. ಇದಕ್ಕಾಗಿಯೇ ತಾನು ಮಧ್ಯಾಹ್ನದ ನಿದ್ದೆ ಬಿಟ್ಟದ್ದು?

ಮತ್ತೆ ಫೋನ್ ಮಾಡಿದರು. "ಕಿಟ್ಟಿ, ನೀನು ಬರ್ದಿದ್ದನ್ನ ನೀನೇ ಒಂದ್ಸಲ ಓದು."

ಓದಿದ ಅವನು ತಡಬಡಾಯಿಸಿದ. "ಸಾರಿ ಮಿಸ್, ಈಗ್ಲೇ ಸರಿ ಮಾಡ್ತೀನಿ."

"ಬೇಡ. ನನ್ ಕ್ಲಾಸಿಂದು ನಿಂಗೆ ಏನ್ ನೆನಪಿದೆ, ಅದ್ ಹೇಳು ಸಾಕು."

"ನಿಜ ಹೇಳ್ಲಾ ಮಿಸ್? ಬಾಗ್ಲಲ್ಲಿ ನಿಮ್ ಚಪ್ಪಲಿ ಕಂಡ್ರೆ ಮೆಟ್ಟಿಲಿಂದ್ಲೇ ವಾಪಸ್ ಹೋಗೋಣ ಅನ್ಸೋದು."

"ಅದನ್ನೇ ಬರೀಬೇಕಿತ್ತು. ಅಷ್ಟಾದ್ರೂ ನಂದು ಅಂತ ಇರ್ತಿತ್ತು" ಎಂದು ಫೋನ್ ಇಟ್ಟರು. ಅಂದೇ ಸೈಬರ್ ಸೆಂಟರಿಗೆ ಹೋಗಿ ಆ ಹೊಗಳಿಕೆಯನ್ನು ಅಳಿಸಿಹಾಕಿದರು.

"ಸದ್ಯ, ಮುಗೀತಲ್ಲ" ಎಂದರು ಅನಂತರಾಮು.

ಮುಗಿಯಲಿಲ್ಲ. ದಿನಾ ಹೋಗುವುದು ನಿಂತರೂ ವಾರಕ್ಕೊಂದು ಸಲ ಹೋಗುತ್ತಲೇ ಇದ್ದರು. ಶಿಷ್ಯರ ಮಕ್ಕಳ ಫೋಟೊ ನೋಡುವುದಕ್ಕೆ ಎಂದು ಗಂಡನಿಗೆ ಹೇಳುತ್ತಿದ್ದರು. ಮೊದಲು ನೋಡುತ್ತಿದ್ದದ್ದು ಮಾತ್ರ ಹೊಸ ಟೆಸ್ಟಿಮೋನಿಯಲ್ ಬಂದಿದೆಯೇ ಎಂದು; ಸೈಬರ್ ಸೆಂಟರಿನ ಮೆಟ್ಟಿಲಿಳಿದು ಬರುವಾಗ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು.