ಲೈನ್‌ಮನ್ ದನಿ, ಅವ್ವನ ಜೋಳ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲೈನ್‌ಮನ್ ದನಿ ತೆಗೆದು ಫೋನ್ ಮಾಡಿದವನು ನಾನು.

ಆ ಬೇಸಿಗೆಯಲ್ಲಿ ಸುರಪುರದ ನಮ್ಮ ಓಣಿಯ ಗಿರಣಿಗೆ ತ್ರೀ ಫೇಸ್ ಕರೆಂಟೆಂದರೆ ಮುನಿಸಿಕೊಂಡ ಅಳಿಯ: ಯಾವಾಗ ಬರುತ್ತಾನೋ ಹೇಳುವುದಿಲ್ಲ, ಬಂದರೆ ನಿಲ್ಲುವುದಿಲ್ಲ. ಕಲ್ಲಿದ್ದಲು ಸಾಲುತ್ತಿಲ್ಲವೆಂದು ಟಿವಿಯವರು ಹೇಳುತ್ತಿದ್ದರು. ನೆತ್ತಿ ಸುಡುವ ಬಿಸಿಲು ನಮ್ಮಲ್ಲೇ ಬಿದ್ದಿತ್ತು. ಕರೆಂಟು ಮಾತ್ರ ಯಾವುದೋ ಗಣಿಯಿಂದ ರೈಲು ಹತ್ತಿ ಬರಬೇಕಿತ್ತು.

ಗಿರಣಿ ಕಾಕಾ ದಿನಾ ಮುಂಜಾನೆ ಲೈನ್‌ಮನ್‌ನನ್ನು ಕೇಳಿ ಓಣಿಗೆಲ್ಲ ಸುದ್ದಿ ಹೇಳುತ್ತಿದ್ದ. ಅಂದು ಗೆಳೆಯನ ಫೋನಿನಿಂದ ನಾನೇ ಮೂಗಿನಲ್ಲಿ ಮಾತಾಡಿದೆ: "ಕಾಕಾ, ಹನ್ನೊಂದಕ್ಕ ತ್ರೀ ಫೇಸ್ ಬಿಡ್ತೀವ್ರಿ." ಐದು ನಿಮಿಷ ಬಿಟ್ಟು ನಿಜ ಹೇಳಿ ನಗಿಸಬೇಕೆಂದಿದ್ದೆ. ಹೋಗಿ ನೋಡಿದರೆ ಜೋಳದ ಡಬ್ಬಿಗಳ ಪಾಳಿ ಬೇವಿನ ಮರ ಮುಟ್ಟಿತ್ತು. ನಮ್ಮಲ್ಲಿ ಡಬ್ಬಿ ನಿಂತರೆ ಸಾಕು, ಮನುಷ್ಯ ನಿಲ್ಲಬೇಕಿಲ್ಲ. ಮೊದಲ ಡಬ್ಬಿ ಅವ್ವನದು. ನಿಜ ಹೇಳುವ ನನ್ನ ಧೈರ್ಯದ ಫ್ಯೂಸ್ ಅಲ್ಲೇ ಹೋಯಿತು.

ಅವ್ವ ಶಹಾಪುರದ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದು ಕಳಿಸುತ್ತಾಳೆ. ಹಿಂದಿನ ವಾರ ಕರೆಂಟಿಲ್ಲದೆ ಒಮ್ಮೆ ತಪ್ಪಿತ್ತು. ಅಂದೂ ಸಂಜೆ ಬಸ್ಸಿಗೆ ಐವತ್ತು ರೊಟ್ಟಿ ಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಅವರು ಹೇಳಿಬಿಟ್ಟಿದ್ದರು. ಡೀಸೆಲ್ ಗಿರಣಿಗೆ ಹೊರಟಿದ್ದವಳು ಕಾಕಾನ ಮಾತು ಕೇಳಿ ತಿರುಗಿ ಬಂದಿದ್ದಳು.

ಹನ್ನೆರಡಾದರೂ ಗಿರಣಿ ಉಸಿರೆತ್ತಲಿಲ್ಲ. ಕಾಕಾ ಫೋನ್ ಹಚ್ಚಿದರೆ ನಿಜವಾದ ಲೈನ್‌ಮನ್, ತಾನು ಮುಂಜಾನೆಯಿಂದ ಕಂಬದ ಮೇಲಿದ್ದೇನೆ, ಯಾರಿಗೂ ಫೋನ್ ಮಾಡಿಲ್ಲ ಎಂದ. ಕಂಡವರ ದನಿ ತೆಗೆಯುವವನು ಓಣಿಯಲ್ಲಿ ನಾನೊಬ್ಬನೇ; ಓಣಿಗೆ ಓಣಿಯೇ ನನ್ನತ್ತ ತಿರುಗಿತು. ಅವ್ವನ ಡಬ್ಬಿ ಹೊತ್ತು ಡೀಸೆಲ್ ಗಿರಣಿಗೆ ಓಡಿದೆ. ಅಲ್ಲಿ ಡೀಸೆಲ್ ಮುಗಿದು ಬಾಗಿಲು ಹಾಕಿದ್ದರು.

ವಾಪಸ್ ಬಂದವನೇ ಕರೆಂಟ್ ಆಫೀಸಿನ ದೊಡ್ಡ ಸಾಹೇಬರ ದನಿಯಲ್ಲಿ ಭಾಷಣ ಬಿಗಿದೆ: ಕಲ್ಲಿದ್ದಲು ಮುಗಿದಿದೆ, ರೈಲು ದಾರಿಯಲ್ಲಿದೆ, ಸೋಲಾರ್ ಪರಿಶೀಲನೆಯಲ್ಲಿದೆ, ಜನತೆ ಸಹಕರಿಸಬೇಕು. ಓಣಿ ನಕ್ಕಿತು. ಅವ್ವ ನಗಲಿಲ್ಲ. ಅಜ್ಜಿಯ ಕಾಲದ ಬೀಸುವ ಕಲ್ಲನ್ನು ಮನೆಯ ಮೂಲೆಯಿಂದ ಎಳೆದು ನನ್ನ ಮುಂದಿಟ್ಟಳು.

ಐವತ್ತೂ ರೊಟ್ಟಿ ಆ ಸಂಜೆ ಬಸ್ ಹತ್ತಿದವು. ಆದರೆ ಅರ್ಧ ಡಬ್ಬಿ ಮುಗಿಯುವಷ್ಟರಲ್ಲೇ ನನ್ನ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು. ಕಲ್ಲು ನಿಲ್ಲಿಸಿ, ಮತ್ತೆ ಮೂಗಿನಲ್ಲೇ, ಹತ್ತು ನಿಮಿಷ ಪವರ್ ಕಟ್ ಎಂದು ಘೋಷಿಸಿದೆ.

ಅವ್ವ ಹಂಚಿನಿಂದ ತಲೆ ಎತ್ತಲಿಲ್ಲ.

"ಕಲ್ಲಿದ್ದಲು ಮುಗದದಂತ ನೀನೇ ಹೇಳಿದಿ. ಈಗ ಕರೆಂಟು ನೀನೇ. ಸುಮ್ನ ಬೀಸು."